ನಮ್ಮವರ ಎರಡು ತುಂಡಿನ ಕೀಬೋರ್ಡು

ಇಡೀ ಕೀಬೋರ್ಡು ಕಂಡರೆ ನಮ್ಮ ಮನೆಯವರಿಗೆ ಸಂಕಟವಾಗುತ್ತದೆ. ಅದನ್ನು ನಡುವೆ ಸೀಳಿ ಎರಡು ಮಾಡುವ ತನಕ ಅವರಿಗೆ ಊಟ ಸೇರುವುದಿಲ್ಲ! ಕುಡಿಯುವುದಿಲ್ಲ, ಸಿಗರೇಟು ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಬ್ಯಾಂಕು ಬಿಟ್ಟರೆ ಮನೆ. "ನಿನ್ನ ಗಂಡ ಬಂಗಾರ ಮಾರಾಯ್ತಿ" ಎಂದು ಕುಲಶೇಖರದ ನಮ್ಮ ರಸ್ತೆಯ ಹೆಂಗಸರೆಲ್ಲ ಹೇಳುತ್ತಾರೆ. ಹೌದು, ಬಂಗಾರವೇ. ಆದರೆ ಆ ಬಂಗಾರ ನನ್ನ ಊಟದ ಮೇಜಿನ ಮೇಲೆ ಸೋಲ್ಡರಿಂಗ್ ಐರನ್ ಹಿಡಿದು ಹೊಗೆ ಎಬ್ಬಿಸುತ್ತಾ ಕೂತಿರುವುದನ್ನು ಅವರು ನೋಡಿದ್ದಾರೆಯೇ? ನಾವು ಅನ್ನದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣಲು ಶುರುಮಾಡಿ ಎರಡು ಮಳೆಗಾಲವಾಯಿತು.

ಇದೆಲ್ಲ ಶುರುವಾದದ್ದು ನನ್ನ ಕೈಯಿಂದ. ನಾನು ಮನೆಯಲ್ಲೇ ಕೂತು ಕನ್ನಡ ಡಿಟಿಪಿ ಮಾಡುವವಳು. ಮದುವೆ ಕಾಗದ, ಭೂತದ ನೇಮದ ಆಮಂತ್ರಣ, ಸಂಘದ ವರದಿ, ಹೀಗೆ ಕಂಕನಾಡಿಯಲ್ಲಿ ಪ್ರೆಸ್ಸು ಇಟ್ಟಿರುವ ಫೆಲಿಕ್ಸ್ ಬಾಬ್ ಕಳಿಸಿದ್ದನ್ನೆಲ್ಲ ಟೈಪ್ ಮಾಡುತ್ತೇನೆ. ಬಲಗೈಯ ಮಣಿಕಟ್ಟು ನೋಯತೊಡಗಿ, ಬೆರಳು ಜೋಮು ಹಿಡಿಯಲು ಶುರುವಾದಾಗ ಡಾಕ್ಟರು, "ಟೈಪ್ ಮಾಡುವಾಗ ಕೈ ಇಡುವ ರೀತಿ ಬದಲಿಸಿ" ಎಂದರು. ಬೇರೆ ಗಂಡಂದಿರಾಗಿದ್ದರೆ ಏನು ಮಾಡುತ್ತಿದ್ದರು? ಒಂದು ಬಾಮು ತಂದುಕೊಟ್ಟು ಟಿವಿ ಹಾಕುತ್ತಿದ್ದರು. ಇವರು ಯೂಟ್ಯೂಬ್ ಹಾಕಿದರು. ಅಲ್ಲಿಗೆ ನನ್ನ ಕತೆ ಮುಗಿಯಿತು!

"ನೋಡು, ಮನುಷ್ಯನ ಭುಜ ಅಗಲ, ಕೀಬೋರ್ಡು ಸಣ್ಣದು. ಎರಡು ಕೈಯನ್ನೂ ಒಂದೇ ಕಡೆ ತಂದು ಮುದುಡಿಸಿದರೆ ನೋಯದೆ ಇರ್ತದಾ? ಎಡಗೈಗೆ ಒಂದು ತುಂಡು, ಬಲಗೈಗೆ ಒಂದು ತುಂಡು ಬೇಕು. ಅಂಗಡಿಯಲ್ಲಿ ಸಿಗ್ತದೆ, ಆದರೆ ನಿನ್ನ ಕೈಗೆ ಹೇಳಿ ಮಾಡಿಸಿದ್ದು ಸಿಗುವುದಿಲ್ಲ. ನಾನೇ ಕಟ್ತೇನೆ."

ಮಾತು ಸರಿಯಾಗಿಯೇ ಇತ್ತು. ಅದೇ ತೊಂದರೆ! ತಪ್ಪಿದ್ದರೆ ಜಗಳ ಮಾಡಿ ಅಲ್ಲಿಗೇ ನಿಲ್ಲಿಸಬಹುದಿತ್ತು.

ಮೊದಲು ಅಳತೆ. ನಾನು ಹಿತ್ತಿಲಲ್ಲಿ ಕೂತು ಬಂಗುಡೆ ಕೊಯ್ಯುತ್ತಿದ್ದೆ. ಇವರು ಬಿಳಿ ಕಾಗದ, ಪೆನ್ಸಿಲು ಹಿಡಿದು ಬಂದರು.

"ಕೈ ಇಡು."

"ತೊಳೆದು ಬರ್ತೇನೆ ಮಾರಾಯ್ರೆ."

"ಬೇಡ ಬೇಡ. ಈಗ ಕೈ ಸಹಜವಾಗಿ ಉಂಟು. ತೊಳೆದು ಬಂದರೆ ನೀನು ಫೋಟೋಕ್ಕೆ ನಿಂತ ಹಾಗೆ ಬಿಗಿ ಮಾಡ್ತಿ."

ಮೀನಿನ ಕೈಯನ್ನೇ ಕಾಗದದ ಮೇಲಿಟ್ಟೆ. ಬೆರಳಿನ ಸುತ್ತ ಗೆರೆ ಎಳೆದು, ಕಾಗದ ಒಣಗಲೆಂದು ಜಗಲಿಯಲ್ಲಿ ಹರಡಿ, ಮೇಲೆ ಕಲ್ಲಿಟ್ಟು ಹೋದರು. ಬೆಕ್ಕು ಬಿಡುತ್ತದೆಯೇ? ಕಲ್ಲು ಅಲ್ಲೇ ಇತ್ತು, ಕಾಗದ ಪಕ್ಕದ ಮನೆಯ ಕಾಂಪೌಂಡಿನಲ್ಲಿ ಚೂರುಚೂರಾಗಿ ಸಿಕ್ಕಿತು. ಎರಡನೆಯ ಸಲ ಅಳತೆ ಕೊಡುವಾಗ ಕೈ ತೊಳೆಯಲು ಅಪ್ಪಣೆಯಾಯಿತು.

ಆಮೇಲೆ ಸ್ವಿಚ್ಚು. ಈ ಕೀಬೋರ್ಡಿನಲ್ಲಿ ಒಂದೊಂದು ಕೀಯ ಅಡಿಗೂ ಒಂದೊಂದು ಪುಟ್ಟ ಸ್ವಿಚ್ಚು ಇರುತ್ತದಂತೆ. ಒಂದು ಜಾತಿಯದ್ದು 'ಟಕ್' ಎಂದರೆ ಇನ್ನೊಂದು 'ಟುಕ್' ಎನ್ನುತ್ತದಂತೆ. ನೆಂಟರು ಬಂದರೆ ಕಾಫಿಗಿಂತ ಮೊದಲು ಸ್ವಿಚ್ಚು! "ಇದು ಕೇಳಿ. ಈಗ ಇದು ಕೇಳಿ. ವ್ಯತ್ಯಾಸ ಗೊತ್ತಾಯ್ತಲ್ಲ?" ನನ್ನ ಚಿಕ್ಕಮ್ಮ ಪಾಪ, ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ನಾನು ಕಿವಿ ತೋರಿಸ್ಲಿಕ್ಕೆ ಆಸ್ಪತ್ರೆಗೆ ಅಂತ ಹೊರಟವಳು. ಇನ್ನು ಹೋಗುವುದು ಬೇಡ, ಇಲ್ಲೇ ಆಯ್ತು" ಎಂದು ರಿಕ್ಷಾ ಹತ್ತಿ ವಾಪಸು ಹೋದರು. ಆ ಸ್ವಿಚ್ಚುಗಳನ್ನು ಮತ್ತೆ ಬಿಚ್ಚಿ, ಹುಬ್ಬಿಗೆ ಬಣ್ಣ ಬಳಿಯುವಂಥ ಸಪೂರ ಬ್ರಶ್ಶಿನಲ್ಲಿ ಒಂದೊಂದಕ್ಕೂ ಗ್ರೀಸು ಹಚ್ಚಬೇಕು. ನಮ್ಮ ಗೇಟು ಕಿರ್ರ್ ಎಂದರೆ ಅಷ್ಟು ದೂರದ ಕಾವೂರಿನವರಿಗೆ ಎಚ್ಚರವಾಗುತ್ತದೆ. ಅದಕ್ಕೆ ಒಂದು ಹನಿ ಎಣ್ಣೆ ಬಿಟ್ಟ ಮನುಷ್ಯನಲ್ಲ!

ಅಲ್ಯೂಮಿನಿಯಮ್ಮಿನ ಪೆಟ್ಟಿಗೆಯ ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸ್ವಿಚ್ಚುಗಳನ್ನು ಕೂರಿಸಲು ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆ ಬೇಕು. ಒಳ್ಳೆಯದು ದುಬೈಯಲ್ಲಿ ಸಿಗುತ್ತದೆ ಎಂದು ಯಾರೋ ಇವರ ಕಿವಿಗೆ ಹಾಕಿದರು. ನಮ್ಮ ಊರಿನಲ್ಲಿ ಗಲ್ಫಿನಿಂದ ಬರುವವರ ಬ್ಯಾಗು ಅವರದ್ದಲ್ಲ, ಅದು ಊರಿನವರದ್ದು. ಯಾರ ಸೆಂಟು, ಯಾರ ಹಾಲಿನ ಹುಡಿ, ಯಾರ ಬಾದಾಮಿ ಎಂದು ತೂಕ ಹಂಚಿಹೋದ ಮೇಲೆ ಅವರ ಅಂಗಿಗೆ ಜಾಗ. ಒಬ್ಬರಿಗೇ ಭಾರವಾಗಬಾರದೆಂದು ಇವರು ಒಂದು ತುಂಡನ್ನು ಅಲ್ಲಿರುವ ನನ್ನ ತಮ್ಮನಿಗೆ ಹೇಳಿದರು, ಇನ್ನೊಂದನ್ನು ತಮ್ಮ ತಂಗಿಯ ಗಂಡನಿಗೆ ಹೇಳಿದರು. ಇಬ್ಬರಿಗೂ ವಾಟ್ಸಾಪಿನಲ್ಲಿ ಹೋದದ್ದು ಒಂದೇ ಫೋಟೋ!

ಇಬ್ಬರೂ ಬಂದರು. ಇಬ್ಬರೂ ಬನಿಯನ್ನಿನಲ್ಲಿ ಸುತ್ತಿ, ಮಗುವಿನ ಹಾಗೆ ಜೋಪಾನ ಮಾಡಿ ತಂದಿದ್ದರು. ಬಿಚ್ಚಿ ನೋಡಿದರೆ ಎರಡೂ ಎಡದ್ದು!

"ಈಗ ಎಂತ ಮಾಡುವುದು?" ಎಂದೆ. ಈ ಹುಚ್ಚು ಇಲ್ಲಿಗಾದರೂ ಇಳಿಯುತ್ತದೆ ಎಂಬ ಆಸೆ ನನಗೆ.

ಇವರ ಮುಖದಲ್ಲಿ ಬೇಸರದ ಸುಳಿವೇ ಇಲ್ಲ. "ಎಂತ ಉಂಟು? ಇನ್ನು ಎರಡು ಬಲದ್ದು ತರಿಸಿದರೆ ಆಯ್ತು. ಎರಡು ಕೀಬೋರ್ಡು!"

ಇನ್ನೊಂದು ವಿಷಯ ನಾನು ಹೊರಗೆ ಹೇಳುವುದಿಲ್ಲ, ನಿಮಗೆ ಮಾತ್ರ ಹೇಳುತ್ತೇನೆ. ಇಷ್ಟೆಲ್ಲ ಮಾಡುವ ಈ ಮಹಾನುಭಾವರಿಗೆ ಟೈಪಿಂಗ್ ಬರುವುದಿಲ್ಲ! ಬ್ಯಾಂಕಿನಲ್ಲಿ ಇಷ್ಟು ವರ್ಷ ಕಳೆದದ್ದು ಬಲಗೈಯ ತೋರುಬೆರಳಿನ ಮೇಲೆ. ಈಜು ಬಾರದವನು ದೋಣಿ ಕಟ್ಟುವುದೆಂದರೆ ಇದೇ.

ಈ ದೋಣಿ ದಡ ಬಿಡುವ ಮೊದಲೇ ನನ್ನ ಕೈ ಮುಳುಗತೊಡಗಿತ್ತು. ಸೌಟು ಹಿಡಿದರೆ ಜಾರುತ್ತಿತ್ತು. ಜಡೆ ಹೆಣೆಯಲು ಆಗುತ್ತಿರಲಿಲ್ಲ. ಆಗ ನನ್ನ ಕೈಯಲ್ಲಿದ್ದದ್ದು ನಮ್ಮ ಬದಿಯ ಒಂದು ಶಾಲೆಯ ನೂರು ವರ್ಷದ ಸ್ಮರಣ ಸಂಚಿಕೆ. ನಾನು ಅ ಆ ಇ ಈ ಕಲಿತ ಶಾಲೆ. ಅರ್ಧ ಆಗುವಾಗ ಡಾಕ್ಟರು ಮಣಿಕಟ್ಟಿನಲ್ಲಿ ನರ ಅದುಮಿಹೋಗಿದೆ, ಸಣ್ಣ ಆಪರೇಶನ್ ಆಗಲೇಬೇಕು ಎಂದರು. ಆಯಿತು. ಬಲಗೈಗೆ ಬ್ಯಾಂಡೇಜು ಬಿತ್ತು. ನಾನು ಆಸ್ಪತ್ರೆಯಿಂದ ಮನೆಗೆ ಬಂದರೆ ಮೇಜಿನ ಮೇಲೆ ಎಡದ್ದು, ದುಬೈಯಿಂದ ಆಮೇಲೆ ಬಂದ ಬಲದ್ದು ಎರಡೂ ಸೇರಿ ಪೂರ್ತಿಯಾದ ಕೀಬೋರ್ಡು ಮಿರಮಿರ ಮಿಂಚುತ್ತಿದೆ! ಕೀಬೋರ್ಡು ತಯಾರು, ಕೈ ಇಲ್ಲ!

ಫೆಲಿಕ್ಸ್ ಬಾಬ್ ಫೋನು ಮಾಡಿ ಮೆತ್ತಗೆ, "ನೀವು ರೆಸ್ಟ್ ತಗೊಳ್ಳಿ ಅಕ್ಕ. ಉಳಿದದ್ದು ಬೇರೆಯವರ ಹತ್ತಿರ ಮಾಡಿಸ್ತೇನೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಹೆದರಿಕೆಯೂ ಸಿಟ್ಟೂ ಒಟ್ಟಿಗೆ ಬಂತು. ಇವತ್ತು ಸಂಚಿಕೆ ಹೋಯಿತು, ನಾಳೆ ಮದುವೆ ಕಾಗದ ಹೋಗುತ್ತದೆ. ಈ ಕೈ ಮೊದಲಿನ ಹಾಗೆ ಆಗದಿದ್ದರೆ? ಟೈಪಿಂಗ್ ಬಿಟ್ಟು ಬೇರೇನೂ ನನ್ನದು ಅಂತ ಇಲ್ಲ. ಆ ಸಿಟ್ಟನ್ನೆಲ್ಲ ಇವರ ಮೇಲೆ ಕಾರಿದೆ.

"ಎರಡು ತುಂಡು ಮಾಡಿ ಎಂತ ಬಂತು? ನನಗೆ ಇರುವುದು ಈಗ ಒಂದೇ ಕೈ!"

ಇವರು ಎಡದ ತುಂಡನ್ನು ನನ್ನ ಎಡಗೈ ಅಡಿಗೆ ಸರಿಸಿದರು. ಕುರ್ಚಿ ಎಳೆದು ನನ್ನ ಬಲಕ್ಕೆ ಕೂತು ಬಲದ ತುಂಡನ್ನು ತಮ್ಮ ಎದುರಿಗಿಟ್ಟುಕೊಂಡರು.

"ಎಡದ್ದು ನೀನು ಒತ್ತು. ಬಲದ್ದು ಹೇಳು, ನಾನು ಒತ್ತುತ್ತೇನೆ. ಬೇರೆಯವರಿಗೆ ಕೊಡುವುದು ಬೇಡ."

'ಶಾಲೆ' ಎಂಬ ಪದಕ್ಕೆ ಶ ನನ್ನದು, ದೀರ್ಘ ನನ್ನದು, ಲ ಅವರದು, ಕೊನೆಯ ಎತ್ವ ಮತ್ತೆ ನನ್ನದು. ಆ ಲ ಎಲ್ಲಿ? ಚಂದಕ್ಕೆಂದು ಅಕ್ಷರವೇ ಅಚ್ಚಾಗದ ಬೋಳು ಕೀಗಳನ್ನು ಕೂರಿಸಿದ್ದರು ಪುಣ್ಯಾತ್ಮರು! "ನಡುವಿನ ಸಾಲು. ಅದಲ್ಲ, ಆಚೆಯದ್ದು. ಅಯ್ಯೋ, ಕಟ್ಟಿದವರು ನೀವಾ ನಾನಾ?" ಎಂದು ಬೈಯುತ್ತಾ ಒಂದು ಸಾಲು ಮುಗಿಸುವಾಗ ಒಲೆಯ ಮೇಲಿನ ಗಂಜಿಯ ನೀರೆಲ್ಲ ಇಂಗಿತ್ತು. ಮರುದಿನ ಬ್ಯಾಂಕಿಗೆ ರಜೆ ಹಾಕಿದರು. ಬೆವರು ಒರೆಸುತ್ತಾ, ಬೆರಳನ್ನು ಗಾಳಿಯಲ್ಲಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಾ ಕೂತಿರುತ್ತಿದ್ದರು. ದಿನ ಹೋದ ಹಾಗೆ ನಾನು ಬೈಯುವುದು ಕಡಿಮೆಯಾಯಿತು, ಅವರ ಬೆರಳು ಸ್ವಲ್ಪ ಚುರುಕಾಯಿತು. ಸಂಚಿಕೆ ಮುಗಿಯಿತು.

ಕೊನೆಯ ಪುಟದ ಅಡಿಯಲ್ಲಿ 'ಅಕ್ಷರ ಜೋಡಣೆ' ಎಂದು ನನ್ನ ಹೆಸರು ಹಾಕುವುದು ವಾಡಿಕೆ. ಅದನ್ನು ಒತ್ತಿದೆವು. "ನಿಲ್ಲಿ, ಇನ್ನೂ ಉಂಟು" ಎಂದೆ. ಒಂದೊಂದೇ ಅಕ್ಷರ ಹೇಳುತ್ತಾ ಹೋದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ನನ್ನ ಅಮ್ಮ ಕಲಿಸಿದ್ದು. ಮದುವೆಯಾದ ಮೇಲೆ ಬ್ಯಾಂಕಿನ ಕೌಂಟರಿನಲ್ಲಿ ನಿಂತಾಗಲೂ ನಾನು 'ನಮ್ಮವರು' ಎಂದೇ ಕೇಳಿದವಳು. ಇವರು ಕೀ ಹುಡುಕುವ ಭರದಲ್ಲಿ ಸ್ಕ್ರೀನು ನೋಡಿರಲಿಲ್ಲ. ಹೆಸರು ಅರ್ಧ ಆಗುವಾಗ ತಲೆ ಎತ್ತಿದರು. ಬೆರಳು ಅಲ್ಲೇ ನಿಂತಿತು.

"ಇದೆಂತ?"

"ಒತ್ತಿ ಮಾರಾಯ್ರೆ. ಫೆಲಿಕ್ಸ್ ಬಾಬ್ ಕಾಯ್ತಾ ಇದ್ದಾರೆ."

ಒತ್ತಲಿಲ್ಲ. ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. "ಒಮ್ಮೆ ಪೂರ್ತಿ ಹೇಳು. ತಪ್ಪು ಒತ್ತಿದರೆ ಕಷ್ಟ" ಎಂದರು.

ಹೇಳಿದೆ.