ಮಾವ ತಾವೇ ಮನೆ ಮಾರಲು ಹೊರಟಿದ್ದು

ನಮ್ಮ ಸೋದರಮಾವ ಸುಳ್ಳು ಹೇಳಿದ್ದನ್ನು ಕೇಳಿದವರು ತುಮಕೂರಿನಲ್ಲಿ ಯಾರಾದರೂ ಇದ್ದರೆ ಹೇಳಿ, ಕ್ಯಾತ್ಸಂದ್ರಕ್ಕೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸುತ್ತೇನೆ. ಹೊಗಳುತ್ತಿದ್ದೇನೆ ಅಂದುಕೊಂಡಿರಾ? ಇಲ್ಲ, ದೂರುತ್ತಿದ್ದೇನೆ! ಆಯುಷ್ಯವೆಲ್ಲ ತೂಕ ಅಳತೆ ಇಲಾಖೆಯಲ್ಲಿ ಅಂಗಡಿಯವರ ತಕ್ಕಡಿ ಪರೀಕ್ಷೆ ಮಾಡಿದ ಮನುಷ್ಯ. ನಿವೃತ್ತರಾದರೂ ಆ ಚಾಳಿ ಬಿಡಲಿಲ್ಲ. ನಾಮಕರಣದ ಮನೆಯಲ್ಲಿ ಎಲ್ಲರೂ ಮಗು ಮುದ್ದಾಗಿದೆ ಎನ್ನುತ್ತಿದ್ದರೆ ಇವರು ತೊಟ್ಟಿಲೊಳಗೆ ಬಗ್ಗಿ ನೋಡಿ, "ಮೂಗು ತಾತಂದೇ ಬಂದ್ಬುಟ್ಟಿದೆ, ಏನ್ ಮಾಡಕ್ಕಾಗುತ್ತೆ" ಎಂದು ಬಾಣಂತಿಗೆ ಸಮಾಧಾನ ಹೇಳುವವರು. ಇಂಥವರು ಉಪ್ಪಾರಹಳ್ಳಿಯ ತಮ್ಮ ಮನೆಯನ್ನು ತಾವೇ ಮಾರುತ್ತೇನೆಂದು ಹೊರಟರೆ ಏನಾಗಬೇಡ?

ಮಾರಲೇಬೇಕಿತ್ತು, ಅದೇನೋ ನಿಜ. ಹಿತ್ತಿಲ ಗೋಡೆಗೆ ಅಂಟಿಕೊಂಡ ಹಾಗೆ ಒಂದು ಹಿಟ್ಟಿನ ಮಿಲ್ಲು ಬಂದಿತ್ತು. ಅಲ್ಲಿ ರಾಗಿ ಬೀಸಿದರೆ ಇಲ್ಲಿ ಅತ್ತೆಗೆ ಕೆಮ್ಮು. ಮೆಣಸಿನಕಾಯಿ ಪುಡಿ ಮಾಡಿದರೆ ಉಬ್ಬಸ. ಬರುವ ಚಳಿಗಾಲವನ್ನು ಈ ಮನೆಯಲ್ಲಿ ಕಳೆಯಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇದನ್ನು ಮಾರಿ ಅತ್ತೆಯ ತವರೂರಾದ ಕುಣಿಗಲ್ಲಿನಲ್ಲಿ ಪುಟ್ಟ ಮನೆ ಕೊಳ್ಳುವುದೆಂದಾಯಿತು. ಸದ್ಯಕ್ಕೆ ಬಾಡಿಗೆಗೆ ಹೋಗಿ, ನಿಧಾನಕ್ಕೆ ಮಾರಿದರಾಯಿತು ಎಂದರೆ ಅತ್ತೆ ಕೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಬಾಡಿಗೆ ಮನೆಯ ಓನರಮ್ಮ ನಲ್ಲಿಗೆ ಬೀಗ ಹಾಕಿ, ಇವರು ಕೊಡ ಹಿಡಿದು ಅವಳ ಬಾಗಿಲಲ್ಲಿ ಕಾಯುವಂತೆ ಮಾಡುತ್ತಿದ್ದಳಂತೆ. "ಸತ್ರೂ ಸ್ವಂತ ಮನೇಲೇ ಸಾಯ್ತೀನಿ, ಇನ್ನೊಬ್ಬರ ಬಾಗಿಲಲ್ಲಿ ಮಾತ್ರ ನಿಲ್ಲಲ್ಲ" ಎಂದುಬಿಟ್ಟರು. ಹೀಗೆ ಮನೆ ಮಾರಾಟಕ್ಕೂ ಅತ್ತೆಯ ಉಸಿರಿಗೂ ಗಂಟು ಬಿತ್ತು.

ಬ್ರೋಕರ್ ಒಬ್ಬ ತಾನಾಗಿಯೇ ಬಂದ. ಕೊಳ್ಳುವವರಿಂದಲೂ ಮಾರುವವರಿಂದಲೂ ಕಮಿಷನ್ ಎಂದ. ಅವನು ಗೇಟು ದಾಟುವ ಮೊದಲೇ ಮಾವ ನನಗೆ ಪಾಠ ಹೇಳಿದರು: "ಎರಡೂ ತಟ್ಟೆ ಮೇಲೆ ಕೈ ಇಡೋನ ತಕ್ಕಡಿ ನಂಬಬಾರ್ದು ಕಣ್ಲಾ."

ಬಸ್‌ಸ್ಟ್ಯಾಂಡಿನ ಹತ್ತಿರ ಆಗ ಹೊಸದೊಂದು ಆಫೀಸು ತೆರೆದಿತ್ತು. ಕಮಿಷನ್ ಇಲ್ಲ. ಒಂದೇ ಸಲ ಫೀಸು ಕಟ್ಟಿದರೆ ಮನೆ ಹೋಗುವವರೆಗೂ ತಮ್ಮ ವಾರದ ಪೇಪರಿನಲ್ಲೂ ಕಂಪ್ಯೂಟರಿನಲ್ಲೂ ಹಾಕುತ್ತಿದ್ದರು. ಫೋನಿನಲ್ಲಿ ಮಾತಾಡುವುದು, ಮನೆ ತೋರಿಸುವುದು, ಚೌಕಾಸಿ, ಎಲ್ಲ ಮಾರುವವರದೇ. ಮಾವನಿಗೆ ಇನ್ನೇನು ಬೇಕು! ಅಲ್ಲಿದ್ದ ಹೆಣ್ಣುಮಗಳು ಎರಡು ರೂಮು, ದೇವರ ಮನೆ, ಬೋರ್‌ವೆಲ್ ನೀರು ಎಂದು ಚೆನ್ನಾಗಿಯೇ ಬರೆದುಕೊಳ್ಳುತ್ತಿದ್ದಳು. ಬಚ್ಚಲಿನ ನೀರು ಮೋರಿಯ ಕಡೆಗೆ ಹೋಗದೆ ಬಾಗಿಲ ಕಡೆಗೆ ಬರುತ್ತದೆ, ಹಿಂದೆ ಮಿಲ್ಲಿನ ಧೂಳಿದೆ, ಅದನ್ನೂ ಹಾಕಿ ಎಂದರು ಮಾವ. ಅವಳು ಪೆನ್ನು ಕೆಳಗಿಟ್ಟಳು.

"ಸಾರ್, ಮನೆ ಮಾರ್ಬೇಕು ತಾನೆ?"

"ಎಷ್ಟು ಬರೆದ್ರೂ ಫೀಸು ಒಂದೇ ಅಂದ್ರಲ್ಲಮ್ಮ, ಬರೀರಿ."

ಹಾಗೆಯೇ ಅಚ್ಚಾಯಿತು! ಜನ ಬಂದರು ನೋಡಿ. ಇಂಥ ಜಾಹೀರಾತು ಕೊಟ್ಟ ಮಹಾನುಭಾವ ಯಾರೆಂದು ನೋಡಲು ಬಂದವರೇ ಹೆಚ್ಚು. ಎಲ್ಲರಿಗೂ ಕಾಫಿ. ಕಾಫಿ ಆದಮೇಲೆ ಬಚ್ಚಲಿಗೆ ಒಂದು ಚೊಂಬು ನೀರು ಸುರಿದು, ಅದು ಹೇಗೆ ತಪ್ಪು ದಿಕ್ಕಿಗೆ ಹರಿಯುತ್ತದೆಂಬ ಪ್ರದರ್ಶನ.

ಇಷ್ಟರ ಮೇಲೂ ಗುಬ್ಬಿಯ ಒಬ್ಬ ಬ್ಯಾಂಕಿನವರು ಮನೆ ಒಪ್ಪಿದರು. ಬ್ರಹ್ಮಚಾರಿ, ಹಗಲೆಲ್ಲ ಬ್ಯಾಂಕಿನಲ್ಲಿರುವವನಿಗೆ ಧೂಳೇನು ಮಾಡೀತು ಎಂದರು. ಸದ್ಯ, ಮುಗಿಯಿತಲ್ಲ ಅಂದುಕೊಂಡರೆ, ಮಾವ ನನ್ನನ್ನು ಎಳೆದುಕೊಂಡು ಗುಬ್ಬಿ ಬಸ್ಸು ಹತ್ತಿದರು. "ಹೆಣ್ಣು ಕೊಡೋರು ಹುಡುಗನ ಮನೆ ನೋಡ್ಕೊಂಡು ಬರಲ್ವೇನ್ಲಾ?" ಪಾಪ, ಆ ಬ್ಯಾಂಕಿನವರು ಉಪ್ಪಿಟ್ಟು ಮಾಡಿ ಉಪಚರಿಸಿದರು. ಮಾವ ಉಪ್ಪಿಟ್ಟು ತಿನ್ನುತ್ತ ಗೋಡೆಗಳನ್ನೇ ನೋಡುತ್ತಿದ್ದರು. ದೇವರಿಗೊಂದು, ಕ್ಯಾಲೆಂಡರಿಗೊಂದು, ಕೊಡೆಗೊಂದು ಎಂದು ಗೋಡೆ ತುಂಬ ಮೊಳೆ! ನಮ್ಮ ಗೋಡೆಗೂ ಇದೇ ಗತಿಯೆಂದು ಸಂಬಂಧ ಅಲ್ಲಿಗೇ ಮುರಿದುಬಿತ್ತು.

ಅತ್ತೆ ತಲೆ ಚಚ್ಚಿಕೊಂಡರು. ಆಮೇಲೆ ಅವರೇ ಒಂದು ಉಪಾಯ ಹೂಡಿದರು. ಮಂಗಳವಾರ ಮಿಲ್ಲಿಗೆ ರಜಾ. ಯಾರೇ ಫೋನು ಮಾಡಲಿ, ಮಂಗಳವಾರವೇ ಬನ್ನಿ ಎಂದು ಹೇಳತೊಡಗಿದರು. ಬಂದವರು ಎಷ್ಟು ನಿಶ್ಶಬ್ದ, ಎಂಥ ಗಾಳಿ ಎಂದು ಮೆಚ್ಚಿಕೊಂಡರೆ ಮಾವ, "ಇವತ್ತು ರಜಾ ಸ್ವಾಮಿ, ನಾಳೆ ಮೆಣಸಿನಕಾಯಿ ಹಾಕ್ತಾರೆ, ಆಗ ಬಂದ್ನೋಡಿ" ಎನ್ನುತ್ತಿದ್ದರು. ಯಾರು ಬರುತ್ತಾರೆ?

ದೀಪಾವಳಿ ಕಳೆಯಿತು. ಅತ್ತೆಗೆ ಅಡುಗೆಮನೆಯಿಂದ ಹಜಾರಕ್ಕೆ ಬರುವುದರಲ್ಲಿ ಏದುಸಿರು. ನನಗೆ ರೇಗಿಹೋಯಿತು. ಅತ್ತೆ ಮುಖ್ಯವೋ ನಿಮ್ಮ ಹರಿಶ್ಚಂದ್ರತನ ಮುಖ್ಯವೋ ಎಂದು ಕೇಳಿಯೇಬಿಟ್ಟೆ.

"ಇವಳು ಪಡೋ ಸಂಕಟಾನ ಇನ್ನೊಬ್ಬಳಿಗೆ ಮಾರ್ಲೇನ್ಲಾ?" ಎಂದರು ಮಾವ.

ಮುಂದಿನ ಮಂಗಳವಾರ ಅತ್ತೆ ಯಾವುದೋ ನೆಪ ಹೇಳಿ ಮಾವನನ್ನು ಬೆಳ್ಳಾವಿಗೆ ಸಾಗಹಾಕಿದರು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಸೈಕಲ್ ಅಂಗಡಿಯ ಭಾಯಿಯೊಬ್ಬರು ಹೆಂಡತಿ, ಪುಟ್ಟ ಮಗಳೊಂದಿಗೆ ಬಂದರು. ಅವರು ಪೇಪರು ಓದಿದವರಲ್ಲ, ಯಾರೋ ಹೇಳಿದ್ದು ಕೇಳಿ ಬಂದವರು. ಮನೆ ತುಂಬ ಹಿಡಿಸಿತು. ಇವತ್ತೇ ಅಡ್ವಾನ್ಸ್ ಕೊಟ್ಟುಬಿಡುತ್ತೇವೆ ಎಂದರು. ಅತ್ತೆ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಅಷ್ಟರಲ್ಲಿ ಹಿತ್ತಿಲಲ್ಲಿ ಓಡಾಡಿಕೊಂಡಿದ್ದ ಮಗು ಬಂದು ತಾಯಿಯ ಮಡಿಲಿಗೆ ಬಿತ್ತು. ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಚಳಿ ಬಂದರೆ ಹೀಗೇ, ಮನೆ ಬದಲಾದರೆ ಸರಿಹೋದೀತು ಎಂದಳು ತಾಯಿ.

ಅತ್ತೆ ಮಗುವಿನ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. ಆ ಸದ್ದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಈ ಮನೆ ಬೇಡ ಕಣಮ್ಮ" ಎಂದರು. "ಹಿಂದ್ಗಡೆ ಮಿಲ್ಲಿದೆ. ಇವತ್ತು ರಜಾ, ಅದಕ್ಕೆ ಗೊತ್ತಾಗ್ತಿಲ್ಲ."

ಸಂಜೆ ಮಾವ ಬಂದಾಗ ನಡೆದದ್ದನ್ನು ನಾನೇ ಹೇಳಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. "ಕುಣಿಗಲ್ಲಲ್ಲಿ ಬಾಡಿಗೆಗೇ ಒಂದು ಮನೆ ನೋಡ್ರಿ" ಎಂದರು, ಅಷ್ಟೇ. ಮಾತಿನ ಮಲ್ಲ ನಮ್ಮ ಮಾವ, ಹೋಗಿ ಅವರ ಪಕ್ಕ ನೆಲದ ಮೇಲೆ ಕೂತರು.

ಮನೆಯನ್ನು ಆಮೇಲೆ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ಗೋಡೌನಿಗೆಂದು ಕೊಂಡರು. ಹುಣಸೆಹಣ್ಣಿಗೇನು ಉಬ್ಬಸವೇ? ಸಂಕ್ರಾಂತಿಗೆ ಎಳ್ಳು ಬೀರಲು ನಾನು ಕುಣಿಗಲ್ಲಿಗೆ ಹೋದೆ. ಮಟಮಟ ಮಧ್ಯಾಹ್ನ. ಮಾವ ಬಾಡಿಗೆ ಮನೆಯ ಹೊಸ್ತಿಲ ಹೊರಗೆ ಕೂತಿದ್ದವರು ನನ್ನನ್ನು ಕಂಡದ್ದೇ ಬಾಯಿಯ ಮೇಲೆ ಬೆರಳಿಟ್ಟರು. ಎರಡು ಚಳಿಗಾಲ ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆದಿದ್ದ ಅತ್ತೆ, ಒಳಗೆ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದರು.

"ಅಡ್ಡಾಗವ್ಳೆ ಕಣ್ಲಾ" ಎಂದರು ಮಾವ ಪಿಸುಮಾತಿನಲ್ಲಿ. ಕಣ್ಣು ತುಂಬಿತ್ತು. "ಊಟಕ್ಕೆ ಎಬ್ಬಿಸಕ್ಕೆ ಮನಸ್ಸು ಬರ್ತಿಲ್ಲ."

ನಾನು ಚಪ್ಪಲಿ ಬಿಟ್ಟು ಅವರ ಪಕ್ಕದಲ್ಲಿ ಕೂತೆ.