ಏಳನೇ ಬೆಡ್ಡಿನ ರಬ್ಬರ್ ಕೂಸು

ಗುಮಾಸ್ತ: ಏಳನೇ ಬೆಡ್ಡಿನ ಪೇಷಂಟನ್ನ ಹೀಗೆ ಚೀಲಕ್ಕೆ ತುರುಕಿಕೊಂಡು ಹೋಗೋ ಹಾಗಿಲ್ಲ ಡಾಕ್ಟ್ರೇ.

ಡಾಕ್ಟರು: ಅದು ಪೇಷಂಟ್ ಅಲ್ಲ ರೀ, ರಬ್ಬರ್ ಗೊಂಬೆ.

ಗುಮಾಸ್ತ: ಕೇಸ್ ಶೀಟ್ ಇದೆಯಲ್ಲ.

(ಸಣ್ಣ ಆಸ್ಪತ್ರೆಯ ದಾಖಲಾತಿ ಕೊಠಡಿ. ಪುಕ್ಕಟೆ ಸೇವೆಗೆಂದು ದೂರದೇಶದಿಂದ ಬಂದ ಡಾಕ್ಟರು, ಹುಟ್ಟಿದ ಕೂಡಲೇ ಅಳದ ಕೂಸಿಗೆ ಉಸಿರು ತುಂಬುವುದು ಹೇಗೆಂದು ಇಲ್ಲಿನ ನರ್ಸುಗಳಿಗೆ ನಾಲ್ಕು ದಿನ ಗೊಂಬೆ ಇಟ್ಟು ಕಲಿಸಿದ್ದಾರೆ. ಈಗ ಹೊರಗೆ ಜೀಪು ಕಾಯುತ್ತಿದೆ. ಮುಂದಿನ ಊರಿನಲ್ಲೂ ಇದೇ ಪಾಠ. ಗೊಂಬೆ ಇರುವುದು ಒಂದೇ. ಅದರ ಕಾಲು ಡಾಕ್ಟರ ಕೈಯಲ್ಲಿದೆ, ತಲೆ ಗುಮಾಸ್ತರ ಕೈಯಲ್ಲಿದೆ.)

ಡಾಕ್ಟರು: ಗೊಂಬೆಗೆ ಕೇಸ್ ಶೀಟ್ ಮಾಡಿಸಿದ ಪುಣ್ಯಾತ್ಮ ಯಾರು?

ಗುಮಾಸ್ತ: ನೀವೇ. ಸೋಮವಾರ ತಂದು ಬೆಡ್ ಮೇಲೆ ಮಲಗಿಸಿದ್ರಿ. ಬೆಡ್ ಮೇಲೆ ಮಲಗಿದ್ದಕ್ಕೆಲ್ಲ ಇಲ್ಲಿ ಕೇಸ್ ಶೀಟ್ ಆಗಲೇಬೇಕು. ನಾನು ಕಾಗದದ ಕಂತೆ ಕೊಟ್ಟೆ, ನೀವು ಓದದೆ ಸಹಿ ಹಾಕ್ತಾ ಹೋದ್ರಿ.

ಡಾಕ್ಟರು: ತಪ್ಪಾಯ್ತಪ್ಪ. ಈಗ ಡಿಸ್ಚಾರ್ಜ್ ಮಾಡಿ.

ಗುಮಾಸ್ತ: ಏನಂತ? ಗುಣವಾಯ್ತು ಅಂತಲಾ? ಉಸಿರಾಡ್ತಾ ಇದೆಯಾ?

ಡಾಕ್ಟರು: ನಾವು ತುಂಬಿದ್ರೆ ಆಡುತ್ತೆ. ಬಿಟ್ರೆ ಇಲ್ಲ.

ಗುಮಾಸ್ತ: ಅಂಥವರನ್ನ ಮನೆಗೆ ಕಳಿಸಿದ್ರೆ ನನ್ನ ಕೆಲಸ ಹೋಗುತ್ತೆ.

ಡಾಕ್ಟರು: ಹಾಗಾದ್ರೆ ಸತ್ತಿದೆ ಅಂತ ಬರ್ಕೊಳ್ಳಿ.

ಗುಮಾಸ್ತ: ನಿಮ್ಮ ಕೈಯಲ್ಲೇ ಸತ್ತಿದ್ದು ಅಂತಲಾ? ಯೋಚನೆ ಮಾಡಿ ಹೇಳಿ, ವಿಚಾರಣೆ ಆಗುತ್ತೆ.

ಡಾಕ್ಟರು: ಹೇಳದೆ ಕೇಳದೆ ಓಡಿಹೋಯ್ತು ಅಂತ ಬರೀರಿ ಅತ್ಲಾಗೆ.

ಗುಮಾಸ್ತ: ನಾಲ್ಕು ದಿನದ ಕೂಸಾ?

(ತಲೆ ಚಚ್ಚಿಕೊಳ್ಳಲು ಕೈ ಎತ್ತಿದ ಡಾಕ್ಟರು, ಬಿಟ್ಟರೆ ಗೊಂಬೆ ಗುಮಾಸ್ತರ ಪಾಲಾಗುತ್ತದೆಂದು ಹೊಳೆದು ಮತ್ತೆ ಕಾಲು ಹಿಡಿದರು. ಹೆರಿಗೆ ವಾರ್ಡಿನ ಹಿರಿಯ ನರ್ಸ್ ಬಾಗಿಲಿಗೆ ಬಂದು ನಿಂತರು.)

ಡಾಕ್ಟರು: ನೀವಾದ್ರೂ ಇವರಿಗೆ ಬುದ್ಧಿ ಹೇಳಿ ಸಿಸ್ಟರ್.

ನರ್ಸ್: ಈ ಬುದ್ಧಿ ಹೇಳ್ಕೊಟ್ಟಿದ್ದೇ ನಾನು ಡಾಕ್ಟ್ರೇ.

ಡಾಕ್ಟರು: ಏನಂದ್ರಿ?

ನರ್ಸ್: ಗೊಂಬೆ ಹೋಗದ ಹಾಗೆ ಏನಾದ್ರೂ ಮಾಡಿ ಅಂತ, ನೀವು ಬಂದ ದಿನಾನೇ ಇವರ ಹತ್ರ ಗೋಗರೆದೆ. ಹಿಂದೆ ಬಂದ ತಂಡದವರೂ ಚೆನ್ನಾಗೇ ಕಲಿಸಿದ್ರು, ಗೊಂಬೆ ಎತ್ಕೊಂಡು ಹೋದ್ರು. ಆರು ತಿಂಗಳಿಗೆ ನನ್ನ ಕೈಗೆ ಅಭ್ಯಾಸ ತಪ್ಪಿಹೋಯ್ತು. ಹೋದ ತಿಂಗಳು ಒಂದು ಕೂಸು ಅಳಲಿಲ್ಲ. ಉಸಿರು ತುಂಬೋ ಮಾಸ್ಕ್ ಹಿಡ್ಕೊಂಡು ನಡುಗ್ತಾ ನಿಂತಿದ್ದೆ. ಅದರ ಅದೃಷ್ಟ, ತಾನಾಗೇ ಅತ್ತುಬಿಡ್ತು. ಮುಂದಿನದು ಅಳದಿದ್ರೆ? ನನಗೆ ಭಯ ಆಗುತ್ತೆ ಡಾಕ್ಟ್ರೇ.

(ಡಾಕ್ಟರು ಗೊಂಬೆಯ ಕಾಲು ಬಿಟ್ಟರು. ಗುಮಾಸ್ತರು ಅದನ್ನು ಎದೆಗೆ ಅವಚಿಕೊಂಡರು.)

ಡಾಕ್ಟರು: ನನಗೂ ಕೊಟ್ಟುಹೋಗೋಕೆ ಇಷ್ಟಾನೇ. ಆದ್ರೆ ಮುಂದಿನ ಆಸ್ಪತ್ರೆಯಲ್ಲಿ ಇಪ್ಪತ್ತು ಜನ ನರ್ಸುಗಳು ಕಾಯ್ತಿದ್ದಾರೆ. ಅದೇ ನನ್ನ ಕೊನೇ ಊರು. ಅವರಿಗೇನು, ನನ್ನ ಮೂತಿಗೇ ಮಾಸ್ಕ್ ಹಾಕಿ ಕಲೀರಿ ಅನ್ನಲಾ?

ಗುಮಾಸ್ತ: ಹೋಗ್ತಿರೋದು ಆಸ್ಪತ್ರೆಗಾ? ಮೊದಲೇ ಹೇಳಬಾರದಾ. ರೆಫರ್ ಮಾಡೋಕೆ ಏನೂ ಅಡ್ಡಿ ಇಲ್ಲ. ಉಸಿರು ಇದ್ರೂ ಆಗುತ್ತೆ, ಇಲ್ಲದಿದ್ರೂ ಆಗುತ್ತೆ. ಅಲ್ಲಿ ಮುಗಿದ ಮೇಲೆ ವಾಪಸ್ ಇದೇ ಬೆಡ್ಡಿಗೆ. ಆದ್ರೆ ಉಸಿರಾಟದ ಕೇಸ್ ಜೊತೆಗೆ ನರ್ಸ್ ಹೋಗಲೇಬೇಕು.

ನರ್ಸ್: ನಾನಾ? ಅಲ್ಲಿ ಹೋಗಿ ಏನು ಮಾಡ್ಲಿ?

ಡಾಕ್ಟರು: ಕಲಿಸಿ ಸಿಸ್ಟರ್. ಇಪ್ಪತ್ತು ಜನರ ಕೈ ತಿದ್ದಿದ ಮೇಲೆ ನಿಮ್ಮ ಕೈ ಎಲ್ಲಿ ನಡುಗುತ್ತೆ? ಬರ್ತಾ ಗೊಂಬೆ ನಿಮ್ಮದೇ.

(ನರ್ಸ್ ಕಣ್ಣೊರೆಸಿಕೊಂಡರು. ಗೊಂಬೆಯನ್ನು ಎತ್ತಿಕೊಂಡು ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತರು. ಡಾಕ್ಟರೂ ಅಲ್ಲೇ ಹತ್ತಲು ಹೋದಾಗ ಗುಮಾಸ್ತರು ಫಾರಂ ಹಿಡಿದು ಓಡಿಬಂದರು.)

ಗುಮಾಸ್ತ: ನೀವು ಹಿಂದೆ, ಡಾಕ್ಟ್ರೇ.

ಡಾಕ್ಟರು: ಯಾಕ್ರೀ?

ಗುಮಾಸ್ತ: ಈ ಫಾರಮ್ಮಲ್ಲಿ ಡಾಕ್ಟರಿಗೆ ಜಾಗ ಇಲ್ಲ. ನಿಮ್ಮನ್ನ ಪೇಷಂಟ್ ಕಡೆಯವರು ಅಂತ ಬರ್ಕೊಂಡಿದ್ದೀನಿ. ಸುಮ್ನೆ ಕೂತ್ಕೊಳ್ಳಿ, ಸಿಸ್ಟರ್ ಹೇಳಿದ ಹಾಗೆ ಕೇಳಿ, ಏನೂ ಮುಟ್ಟಬೇಡಿ.