ಮಲಗಿ ನೋಡದೆ ರೂಮು ಹಿಡಿಯದ ನಮ್ಮ ಕಾಕಾ

ಹುಬ್ಬಳ್ಳಿಯಿಂದ ಬೆಂಗಳೂರಿನ ತನಕ ಇರುವ ಲಾಡ್ಜುಗಳ ಮ್ಯಾನೇಜರುಗಳೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರೆ, ಅವರು ಮಾಡುತ್ತಿದ್ದ ಮೊದಲ ಠರಾವು ಯಾವುದು ಗೊತ್ತೇ? ನಮ್ಮ ಕಾಕಾನನ್ನು ಯಾವ ಲಾಡ್ಜಿನ ಹೊಸ್ತಿಲನ್ನೂ ತುಳಿಯಗೊಡಬಾರದು ಎಂಬುದು! ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟಿನಿಂದ ಹೇಳುತ್ತಿದ್ದೇನೆ. ಆ ಮನುಷ್ಯನ ಹೆಸರೆತ್ತಿದರೆ ಸಾಕು, ಇಷ್ಟು ವರ್ಷಗಳಾದ ಮೇಲೂ ನನ್ನ ಮೈ ಉರಿಯುತ್ತದೆ.

ಕಾಕಾ ಎಂದರೆ ಅಪ್ಪನ ತಮ್ಮ. ಊರು ದುಮ್ಮವಾಡ, ಕಸುಬು ಒಕ್ಕಲುತನ. ಆದರೆ ಕಲಘಟಗಿಯ ಸುತ್ತ ಅವನು ಹೆಸರು ಮಾಡಿದ್ದು ಎತ್ತು ಆರಿಸುವುದರಲ್ಲಿ. ತಂಬೂರು, ಬಮ್ಮಿಗಟ್ಟಿಯಿಂದೆಲ್ಲ ಜನ ಬಂದು ಅವನನ್ನು ದನದ ಸಂತೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಅವನು ಎತ್ತಿನ ಹಲ್ಲು ನೋಡುವವ, ಸುಳಿ ನೋಡುವವ, ನಡೆಸಿ ನೋಡುವವ. ಎಲ್ಲ ಒಪ್ಪಿತವಾದರೆ ಮಾರುವವನ ಕೈ ಹಿಡಿದು, ಮೇಲೆ ಟವೆಲ್ಲು ಮುಚ್ಚಿ, ಒಳಗೊಳಗೇ ಬೆರಳು ಒತ್ತಿ ರೇಟು ಕುದುರಿಸುವವ. ಸುತ್ತ ನಿಂತವರಿಗೆ ರೇಟು ತಿಳಿಯಬಾರದಲ್ಲ, ಅದಕ್ಕೆ ಟವೆಲ್ಲು. ಇಷ್ಟಾದ ಮೇಲೂ ಎತ್ತನ್ನು ಹೊಲದಲ್ಲಿ ನೇಗಿಲಿಗೆ ಹೂಡಿ ನೋಡಿ, ಒಪ್ಪಿಗೆಯಾದರೆ ಮಾತ್ರ ವ್ಯಾಪಾರ ಪಕ್ಕಾ. ಇದು ಇಷ್ಟಕ್ಕೇ ನಿಂತಿದ್ದರೆ ನನಗೂ ಅವನಿಗೂ ಯಾವ ಜಗಳವೂ ಇರುತ್ತಿರಲಿಲ್ಲ.

ಎಂಬತ್ತರ ದಶಕ ಬಂತು ನೋಡಿ, ಎಲ್ಲ ಕೆಟ್ಟಿತು. ಊರಿನ ಹುಡುಗರು ಓದು ಮುಗಿಸಿ ಪರೀಕ್ಷೆ, ಇಂಟರ್‌ವ್ಯೂ, ಭರ್ತಿ ಎಂದು ಶಹರಗಳ ಕಡೆ ಹೊರಟರು. ಹೋದವರು ಇಳಿದುಕೊಳ್ಳುವುದೆಲ್ಲಿ? ರೂಮು ಅಗ್ಗವೂ ಇರಬೇಕು, ತಿಗಣೆಯೂ ಕಡಿಯಬಾರದು, ಚೀಲವೂ ಕಳುವಾಗಬಾರದು. ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ಬಹಳ ವಿಚಾರ ಮಾಡಿ, ಎತ್ತು ಆರಿಸುವವನಿಗೆ ಲಾಡ್ಜು ಆರಿಸುವುದು ಯಾವ ದೊಡ್ಡ ಮಾತು ಎಂದು ತೀರ್ಮಾನಿಸಿಬಿಟ್ಟರು. ಆ ಕಟ್ಟೆಯ ಮೇಲೆ ಅವತ್ತು ಯಾರಾರು ಕುಳಿತಿದ್ದರೆಂಬುದು ನನಗೆ ಇವತ್ತಿಗೂ ಬಾಯಿಪಾಠವಿದೆ. ಒಬ್ಬರನ್ನೂ ಕ್ಷಮಿಸಿಲ್ಲ.

ಕಾಕಾ ಲಾಡ್ಜು ನೋಡುವ ಬಗೆಯೇ ಬೇರೆ. ಬೋರ್ಡು ನೋಡುವುದಿಲ್ಲ, ರೇಟು ಕೇಳುವುದಿಲ್ಲ. ನೇರ ರೂಮಿಗೆ ನುಗ್ಗಿ ತಲೆದಿಂಬು ಮೂಸುತ್ತಾನೆ. ಮಂಚದ ಕಾಲು ಅಲುಗಿಸುತ್ತಾನೆ. ಗಾದಿಗೆ ಎರಡು ಏಟು ಹಾಕಿ, ಬಗ್ಗಿ, ಏನಾದರೂ ಹರಿದಾಡಿತೇ ಎಂದು ನೋಡುತ್ತಾನೆ. ನಲ್ಲಿಯ ನೀರು ಕುಡಿದು, ಹೊಟ್ಟೆ ಏನನ್ನುತ್ತದೆಂದು ಕಾಯುತ್ತಾನೆ. ಕೊನೆಗೆ ಚಪ್ಪಲಿ ಬಿಟ್ಟು, ರುಮಾಲು ಬಿಚ್ಚಿಟ್ಟು, ಮಂಚದ ಮೇಲೆ ಮಲಗುತ್ತಾನೆ. ಹೂಡಿ ನೋಡಬೇಕಲ್ಲ!

ಒಮ್ಮೆ ಹುಬ್ಬಳ್ಳಿಯಲ್ಲಿ ಹೀಗೆ ಮಲಗಿದವನು ಗೊರಕೆ ಹೊಡೆಯತೊಡಗಿದ. ಪರೀಕ್ಷೆಗೆ ಬಂದ ಹುಡುಗರು ಪುಸ್ತಕ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಊಟದ ಹೊತ್ತು ಮೀರಿದ ಮೇಲೆ ಮ್ಯಾನೇಜರು ತಟ್ಟಿ ಎಬ್ಬಿಸಿ, ಮಲಗಿದ್ದಕ್ಕೆ ಬಾಡಿಗೆ ಇಡಿರಿ ಎಂದರು. ಎತ್ತು ಹೂಡಿ ನೋಡಿದ್ದಕ್ಕೆ ಯಾರಾದರೂ ಬಾಡಿಗೆ ಕೇಳುತ್ತಾರೇನು ಎಂದು ಕಾಕಾ ಅವರನ್ನೇ ಕೇಳಿದ. ರೂಮೂ ಬೇಡವೆಂದ. ಅಷ್ಟು ಗಡದ್ದಾಗಿ ನಿದ್ದೆ ಮಾಡಿ ಬೇಡವೆನ್ನುತ್ತೀರಲ್ಲ ಎಂದು ಮ್ಯಾನೇಜರು ಕೂಗಾಡಿದರೆ, ಇವನ ಉತ್ತರ: “ನಿದ್ದಿ ಬಂತ್ರಿ, ಇಲ್ಲನ್ನಂಗಿಲ್ಲ. ಆದರ ಕನಸು ಚೊಲೋ ಬೀಳಲಿಲ್ಲ.”

ಬೆಳಗಾವಿಯ ಕಥೆ ಇನ್ನೂ ಘೋರ. ಮಿಲಿಟರಿ ಭರ್ತಿಗೆ ಹೊರಟ ಹುಡುಗರನ್ನು ಇವನ ಕೈಗೆ ಒಪ್ಪಿಸಿದ್ದರು. ಮರುದಿನ ನಸುಕಿನಲ್ಲಿ ಮೈದಾನದಲ್ಲಿ ಓಟ. ಕಾಕಾ ದಿನವಿಡೀ ಊರು ಸುತ್ತಿ, ಬಾಡಿಗೆ ಕಡಿಮೆ, ಗಾದಿ ಮೆತ್ತಗೆ, ಗಾಳಿ ಧಾರಾಳ ಇರುವ ಒಂದು ಲಾಡ್ಜು ಹುಡುಕಿದ. ಅಂಥ ಲಾಡ್ಜು ಬೆಳಗಾವಿಯಲ್ಲೇ ಇನ್ನೊಂದಿರಲಿಲ್ಲವಂತೆ. ಎಷ್ಟು ಚೆನ್ನಾಗಿತ್ತೆಂದರೆ, ಬಿಸಿಲೇರುವ ತನಕ ಒಬ್ಬನಿಗೂ ಎಚ್ಚರವಾಗಲಿಲ್ಲ! ಹುಡುಗರು ಮೈದಾನಕ್ಕೆ ಓಡುವಷ್ಟರಲ್ಲಿ ಎದೆ ಅಳೆಯುವ ಪಟ್ಟಿಯನ್ನೂ ಸುತ್ತಿ ಇಟ್ಟಾಗಿತ್ತು. ಊರಿಗೆ ಬಂದ ಮೇಲೆ ಕಾಕಾನಿಗೆ ಯಾರಾದರೂ ಬೈದರೇ? ಇಲ್ಲ ಸ್ವಾಮೀ. ಮಕ್ಕಳ ಮುಖ ಎಷ್ಟು ಕಳೆಕಳೆಯಾಗಿದೆ ಎಂದು ಆ ಹುಡುಗರ ತಾಯಂದಿರು ಇವನನ್ನು ಕರೆದು ಹೋಳಿಗೆ ಉಣ್ಣಿಸಿದರು.

ಇಂಥವನ ಕೈಗೆ ನನ್ನ ಬಾಳು ಸಿಕ್ಕಿಬಿತ್ತು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿದ್ದೆ. ದಿನಾ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಟೈಪಿಂಗ್ ಕಲಿತಿದ್ದೆ. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಹುದ್ದೆಗೆ ಪರೀಕ್ಷೆಯ ಕರೆ ಬಂತು. ಆ ನೌಕರಿ ಸಿಗದಿದ್ದರೆ ದುಮ್ಮವಾಡದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಯಾರೋ ನೋಡಲು ಬರುವುದನ್ನು ಕಾಯುವುದೇ ಗತಿ ಎಂಬುದು ನನಗೆ ಸ್ಪಷ್ಟವಿತ್ತು. ಅಪ್ಪ ಬೇಡವೆನ್ನಲಿಲ್ಲ. ಒಂದೇ ಒಂದು ಮಾತು ಹೇಳಿದರು.

“ಹೆಣ್ಣಮಗಳು ಮಲಗೂ ಜಾಗಾ ಚೊಲೋ ಇರಬೇಕು. ನಿಮ್ಮ ಕಾಕಾ ನೋಡಿ ಹೂಂ ಅಂದ್ರ ಪರೀಕ್ಷಾಕ್ಕೂ ಹೋಗು, ನೌಕರಿಗೂ ಹೋಗು. ಅವ ಒಲ್ಲೆ ಅಂದ್ರ ಮುಗೀತು.”

ಕೇಳಿದಿರಾ! ನನ್ನ ಅಂಕಗಳು ಲೆಕ್ಕಕ್ಕಿಲ್ಲ, ಬೆರಳಿನ ವೇಗ ಲೆಕ್ಕಕ್ಕಿಲ್ಲ. ಗಾದಿ ಒಂದು ಚೆನ್ನಾಗಿರಬೇಕು! ಊರಿನ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಹಾಸಿಕೊಂಡು ಬಿದ್ದು ಬಂದರೂ ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಕಾಕಾನ ಹಿಂದೆ ಹೊರಟೆ.

ಪರೀಕ್ಷೆಗೆ ಒಂದು ದಿನ ಮುಂಚೆ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದೆವು. ಮುಖ ತೊಳೆದು ಒಂದಿಷ್ಟು ಪ್ರಾಕ್ಟೀಸು ಮಾಡಿಕೊಳ್ಳೋಣ ಎಂಬುದು ನನ್ನ ಆಸೆ. ಎಲ್ಲಿಯದು! ಮೊದಲ ಲಾಡ್ಜಿನಲ್ಲಿ ತಲೆದಿಂಬಿಗೆ ಎಣ್ಣೆಯ ವಾಸನೆ. ಎರಡನೆಯದರಲ್ಲಿ ಮಂಚ ಕಿರುಗುಟ್ಟಿತು. ಮುಂದಿನದರಲ್ಲಿ ಎಲ್ಲ ಸರಿ ಇತ್ತು, ಆದರೆ ಕಾಕಾ ಮ್ಯಾನೇಜರನ್ನು ನೀವು ಎಲ್ಲಿ ಮಲಗುತ್ತೀರಿ ಎಂದು ಕೇಳಿದ. ಮನೆಗೆ ಹೋಗುತ್ತೇನೆ ಎಂದರು ಅವರು. ತಾವೇ ಮಲಗದ ಜಾಗದಲ್ಲಿ ನಮ್ಮನ್ನು ಮಲಗಿಸುತ್ತಾರಲ್ಲ ಎಂದು ಅದನ್ನೂ ಬಿಟ್ಟ. ನಾನು ಚೀಲ ಹೊತ್ತು ಬಿಸಿಲಲ್ಲಿ ಹಿಂದೆ ಹಿಂದೆ ನಡೆಯುತ್ತಿದ್ದೆ. ನಾಳೆ ಟೈಪು ಮಾಡಬೇಕಾದ ಬೆರಳುಗಳು ಚೀಲದ ಹಿಡಿಕೆಗೆ ಕೆಂಪಗಾಗಿದ್ದವು.

ಇನ್ನೊಂದರಲ್ಲಿ ಮ್ಯಾನೇಜರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಈ ಹುಡುಗಿ ನಿಮಗೇನಾಗಬೇಕು ಎಂದು ಒಂದು ಥರ ನಕ್ಕ. ಅಣ್ಣನ ಮಗಳು ಎಂದು ಕಾಕಾ ಹೇಳಿದ. ಎಲ್ಲರೂ ಹಾಗೇ ಹೇಳುತ್ತಾರೆ ಎಂದ ಆ ಪುಣ್ಯಾತ್ಮ. ನಾನು ಆ ದಿನ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕಾಕಾನಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಹೊರಗೆ ಬಂದು, ಎಲ್ಲರೂ ಅಣ್ಣನ ಮಕ್ಕಳನ್ನು ಪರೀಕ್ಷೆಗೆ ಕರೆದುಕೊಂಡು ಬಂದರೆ ಅದು ಒಳ್ಳೆಯದೇ ಅಲ್ಲವೇ, ಅದಕ್ಕೇಕೆ ಇಷ್ಟು ಸಿಟ್ಟಾದೆ ಎಂದು ನನ್ನನ್ನೇ ಕೇಳಿದ.

ಮಧ್ಯಾಹ್ನದ ಹೊತ್ತಿಗೆ ಒಂದು ಲಾಡ್ಜು ಅವನ ಮನಸ್ಸಿಗೆ ಬಂತು. ದೇವರೇ, ಮುಗಿಯಿತಲ್ಲ ಎಂದುಕೊಂಡೆ. ಅಷ್ಟರಲ್ಲಿ ಕಾಕಾ ಹೆಗಲ ಮೇಲಿನ ಟವೆಲ್ಲು ತೆಗೆದ. ಬೇಡ ಕಾಕಾ, ಇದು ಬೆಂಗಳೂರು ಎಂದು ನಾನು ಹೇಳುವಷ್ಟರಲ್ಲಿ ಅವನು ಮೇಜಿನ ಮೇಲಿದ್ದ ಮ್ಯಾನೇಜರ ಕೈಯನ್ನು ಗಪ್ಪನೆ ಹಿಡಿದು, ಮೇಲೆ ಟವೆಲ್ಲು ಮುಚ್ಚಿ, ಬೆರಳು ಒತ್ತತೊಡಗಿದ! ಟೈ ಕಟ್ಟಿಕೊಂಡಿದ್ದ ಆ ಮನುಷ್ಯ ಹೌಹಾರಿ ಕುರ್ಚಿಯಿಂದೆದ್ದರು. ಕೈ ಎಳೆದರೆ ಬಿಡಬೇಕಲ್ಲ? ದನದ ಸಂತೆಯಲ್ಲಿ ಕೈ ಎಳೆದುಕೊಂಡರೆ ರೇಟು ಒಪ್ಪಿಲ್ಲವೆಂದು ಅರ್ಥ. ಹಾಗಾಗಿ ಕಾಕಾ ಇನ್ನೂ ಒಂದು ಬೆರಳು ಸೇರಿಸಿ ಒತ್ತಿದ. ಕಿರುಚಾಟಕ್ಕೆ ರಸ್ತೆಯ ಜನವೆಲ್ಲ ಬಾಗಿಲಲ್ಲಿ ನೆರೆಯಿತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಇಷ್ಟೆಲ್ಲ ಆದ ಮೇಲೆ ಗೊತ್ತಾದದ್ದೇನು? ಕಾಕಾ ಒತ್ತಿದ್ದ ರೇಟು, ಗೋಡೆಯ ಮೇಲೆ ಬರೆದಿದ್ದ ರೇಟಿಗಿಂತ ಜಾಸ್ತಿಯಿತ್ತು!

ರೂಮು ಸಿಕ್ಕಿತು. ಗಾದಿ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ದಣಿದವಳು ಸ್ವಲ್ಪ ಅಡ್ಡಾದೆ. ಕಣ್ಣು ಎಳೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಹೊರಗೆ ವರಾಂಡದಲ್ಲಿ ಕುಳಿತಿದ್ದ ಕಾಕಾ, ನಿದ್ದೆ ಬಂತೇನವ್ವ ಎಂದು ಕೇಳುತ್ತಿದ್ದ. ಬರುತ್ತಿತ್ತು, ನೀನು ಎಬ್ಬಿಸಿದೆ ಎಂದು ಕೂಗಿದೆ. ಹಾಗಾದರೆ ಮಲಗು ಎಂದ. ಮತ್ತೆ ಕಣ್ಣು ಮುಚ್ಚಿದೆ, ಮತ್ತೆ ಬಡಿದ.

ಮರುದಿನ ಪರೀಕ್ಷೆಯಲ್ಲಿ ಆ ಸಿಟ್ಟನ್ನೆಲ್ಲ ಟೈಪ್‌ರೈಟರಿನ ಮೇಲೆ ತೀರಿಸಿಕೊಂಡೆ. ಬಹಳ ಚೆನ್ನಾಗಿ ಆಯಿತು. ಹೊರಗೆ ಬಂದರೆ ಕಾಕಾ ಇಲ್ಲ! ಕಚೇರಿಯ ಗೇಟಿನಲ್ಲೇ ಕುಳಿತಿರುತ್ತೇನೆ ಎಂದವನು ಪತ್ತೆಯಿಲ್ಲ. ಗುರುತಿಲ್ಲದ ಊರು, ರಸ್ತೆಯ ಹೆಸರೂ ಗೊತ್ತಿಲ್ಲ. ಬಿಸಿಲಲ್ಲಿ ನಿಂತು ನಿಂತು ಹೆದರಿಕೆ ಹೋಗಿ ಸಿಟ್ಟು ಬಂತು, ಸಿಟ್ಟು ಹೋಗಿ ಅಳು ಬಂತು, ಅಳುವನ್ನು ಅದುಮಿಕೊಂಡರೆ ಮತ್ತೆ ಸಿಟ್ಟೇ ಬಂತು. ಸಂಜೆಯಾಗುವಾಗ ಆಸಾಮಿ ಬಂದ. ಮುಖ ಕಪ್ಪಿಟ್ಟಿತ್ತು, ಕಾಲೆಲ್ಲ ಧೂಳು. ಎಲ್ಲಿ ಸತ್ತು ಹೋಗಿದ್ದೆ ಎಂದು ನಡುರಸ್ತೆಯಲ್ಲಿ ಬಾಯಿಗೆ ಬಂದಂತೆ ಬೈದೆ. ಪರೀಕ್ಷೆ ಹೇಗಾಯಿತೆಂದು ಸಹ ಕೇಳದೆ, ಬಸ್ಸಿಗೆ ಹೊತ್ತಾಯಿತು ನಡಿ ಎಂದ. ಊರು ಮುಟ್ಟುವ ತನಕ ನಾನು ಅವನೊಡನೆ ಒಂದು ಮಾತೂ ಆಡಲಿಲ್ಲ.

ನೌಕರಿಯ ಆರ್ಡರು ಬಂತು. ಮನೆಯಲ್ಲಿ ಸಕ್ಕರೆ ಹಂಚಿದರು. ಆದರೆ ಅಪ್ಪನ ಮುಖದಲ್ಲಿ ಅದೇ ಪ್ರಶ್ನೆ. ಲಾಡ್ಜೇನೋ ಎರಡು ದಿನದ್ದು, ವರ್ಷಗಟ್ಟಲೆ ಇರುವುದೆಲ್ಲಿ? ಬೇಡ ಬಿಡು, ಇಲ್ಲೇ ಎಲ್ಲಾದರೂ ನೋಡೋಣ ಎಂದರು. ಕಾಕಾ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ. ತಲೆ ಎತ್ತದೆ ಹೇಳಿದ.

“ಜಾಗಾ ನೋಡಿ ಬಂದೇನಿ. ನೌಕರಿ ಮಾಡೂ ಹೆಣ್ಣಮಕ್ಕಳ ಹಾಸ್ಟೆಲ್ಲು. ಅಗ್ಗ ಐತಿ, ಚೊಲೋ ಐತಿ.”

“ಮಲಗಿ ನೋಡಿದೇನು?” ಎಂದರು ಅಪ್ಪ.

“ಮಲಗಿ ನೋಡೇನಿ. ಅಗದಿ ಚೊಲೋ ನಿದ್ದಿ ಬಂತು.”

ಅಪ್ಪ ಒಪ್ಪಿಬಿಟ್ಟರು. ಈ ಒಂದು ವಿಷಯದಲ್ಲಿ ಕಾಕಾನ ಮಾತಿಗೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ನನಗೆ ಸಂತೋಷವಾಯಿತು ಎಂದುಕೊಂಡಿರಾ? ಆಯಿತು, ಒಂದು ಗಳಿಗೆ. ಆಮೇಲೆ ತಲೆ ಕೆಟ್ಟುಹೋಯಿತು. ಅಂದರೆ ಅವತ್ತು ನಾನು ಬಿಸಿಲಲ್ಲಿ ಅಳು ಅದುಮಿಕೊಂಡು ನಿಂತಿದ್ದಾಗ, ಈ ಮಹರಾಯ ಎಲ್ಲೋ ಮಂಚದ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ!

ಆ ಸಿಟ್ಟನ್ನು ಟ್ರಂಕಿನೊಡನೆ ಬೆಂಗಳೂರಿಗೆ ಒಯ್ದೆ. ಬಿಡಲು ಬಂದವನು ಇವನೇ. ಹಾಸ್ಟೆಲ್ಲಿನ ಗೇಟಿಗೆ ಬಂದರೆ ಮೇಲೆ ದೊಡ್ಡ ಅಕ್ಷರದ ಬೋರ್ಡು: ಗಂಡಸರಿಗೆ ಪ್ರವೇಶವಿಲ್ಲ. ನಾನು ಬೋರ್ಡು ಓದಿ ಕಾಕಾನ ಕಡೆ ನೋಡುವಷ್ಟರಲ್ಲಿ ವಾಚ್‌ಮನ್ ಸ್ಟೂಲಿನಿಂದ ಎದ್ದು ಬಂದ.

“ಅಯ್ಯೋ ಯಜಮಾನ್ರೆ, ಮತ್ತೆ ಬಂದ್ರಾ? ನೋಡಮ್ಮ, ಅವತ್ತು ಒಳಗೆ ಬಿಡಿ, ಮಲಗಿ ನೋಡ್ಬೇಕು ಅಂದ್ರು. ಆಗಲ್ಲ ಅಂದೆ. ಸಾಯಂಕಾಲದ ತನಕ ಇದೇ ಗೇಟ್ ಹತ್ರ ನಿಂತ್ಕೊಂಡು, ಹೋಗೋ ಬರೋ ಹುಡ್ಗೀರನ್ನೆಲ್ಲ ‘ತಂಗಿ, ಇಲ್ಲಿ ನಿದ್ದಿ ಬರ್ತೈತೇನವಾ’ ಅಂತ ಕೇಳಿದ್ರು. ಎಷ್ಟು ಜನ ಬೈದ್ರು ಗೊತ್ತಾ? ನಾನೇ ಎರಡು ಸಲ ಕೈ ಹಿಡಿದು ಆಚೆ ತಳ್ಳಿದೆ.”

ಕಾಕಾ ಬೇರೆ ಕಡೆ ಮುಖ ತಿರುಗಿಸಿ ನಿಂತಿದ್ದ. ಎತ್ತಿನ ವಿಷಯದಲ್ಲಾಗಲಿ, ಲಾಡ್ಜಿನ ವಿಷಯದಲ್ಲಾಗಲಿ ತಾನು ನೋಡದ್ದನ್ನು ನೋಡಿದ್ದೇನೆ ಎಂದು ಯಾರಿಗೂ ಹೇಳಿದವನಲ್ಲ. ಒಡಹುಟ್ಟಿದ ಅಣ್ಣನಿಗೆ ಹೇಳಿಬಿಟ್ಟಿದ್ದ.

“ಒಳಗ ಹೋಗವಾ,” ಎಂದ ಅವನು. “ನೀನ ಮಲಗಿ ನೋಡು. ನಾ ಇಲ್ಲೇ ಕುಂತಿರತೇನಿ. ನಿನ್ನ ಮನಸ್ಸಿಗೆ ಬರಲಿಲ್ಲಂದ್ರ ಹೊರಗ ಬಾ, ಊರಿಗೆ ಹೋಗೂಣು.”

ಒಳಗೆ ಹೋದೆ. ಕಿಟಕಿಯ ಪಕ್ಕದ, ಚಾಪೆ ಹಾಸಿದ ಮಂಚ ತೋರಿಸಿದರು. ಉಳಿದ ಹುಡುಗಿಯರು ನೋಡುತ್ತಿದ್ದಂತೆ, ಚಪ್ಪಲಿ ಬಿಟ್ಟು, ಸುಮ್ಮನೆ ಒಂದು ನಿಮಿಷವೆಂದು ಮಲಗಿದೆ. ಕಣ್ಣು ಬಿಟ್ಟಾಗ ಗೋಡೆಯ ಮೇಲಿನ ಬಿಸಿಲು ಹೋಗಿತ್ತು.

ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದೆ. ಕಾಕಾ ಗೇಟಿನ ಆಚೆ, ಕಾಂಪೌಂಡಿಗೆ ಬೆನ್ನು ಕೊಟ್ಟು ಕುಳಿತೇ ಇದ್ದ. ಊಟವಿಲ್ಲ, ನೀರಿಲ್ಲ. ನನ್ನ ಕೆದರಿದ ಕೂದಲು, ಕೆನ್ನೆಯ ಮೇಲೆ ಮೂಡಿದ್ದ ಚಾಪೆಯ ಗೆರೆಗಳನ್ನು ನೋಡಿದ. ನಿದ್ದೆ ಬಂತೇನವ್ವ ಎಂದು ಈ ಸಲ ಕೇಳಲಿಲ್ಲ. ಎದ್ದು ಪಂಚೆ ಕೊಡವಿಕೊಂಡ.

“ಆತು ಬಿಡು. ನಾ ಇನ್ನ ಊರಿಗೆ ಹೋಗತೇನಿ,” ಎಂದ.